ನಾಲಿಗೆ ತುದೀಲೇ ಇತ್ತು, ಎಲ್ಲಿ ಹೋಯ್ತು?

ಹೋದ ಸಂಚಿಕೇಲಿ ಒಬ್ಬರಿಗೆ ಉತ್ತರ ಬರೀತಾ "ಆಕಳಿಕೆ ಒಬ್ಬರಿಂದ ಒಬ್ಬರಿಗೆ ಯಾಕೆ ಅಂಟುತ್ತೆ ಅನ್ನೋದನ್ನ ಕೊನೇಲಿ ಹೇಳ್ತೀನಿ" ಅಂತ ಬರೆದಿದ್ದೆ, ಕೊನೆ ಬಂತು, ಸಹಿ ಹಾಕಿದೆ, ಕಳಿಸಿದೆ, ಆಕಳಿಕೆ ವಿಷಯ ತಲೇಲೇ ಇರಲಿಲ್ಲ. ಓದುಗರು ಬಿಡ್ತಾರಾ? "ಸಾರ್ ನಿಮಗೂ ಶುರುವಾಯ್ತಾ" ಅಂತ ಕೇಳಿ, ಅದರ ಜೊತೆಗೇ ತಮ್ಮತಮ್ಮ ಮರೆವಿನ ಕಥೇನೂ ಬರೆದು ಕಳಿಸಿದಾರೆ. ಹಾಗಾಗಿ ಈ ಸಲ ಪೂರ್ತಿ ಮರೆವೇ. ಆಕಳಿಕೆ ಮುಂದಿನ ಸಲ, ಎಡಿಟರ್ ಹತ್ರ ನೆನಪಿಸಿ ಅಂತ ಹೇಳಿಟ್ಟಿದೀನಿ.

ಪ್ರಶ್ನೆ: ಸಾರ್, ನಂಗೆ 44 ವರ್ಷ. ಹಾಲಿಂದ ಎದ್ದು ಅಡುಗೆಮನೆಗೆ ಹೋಗ್ತೀನಿ, ಫ್ರಿಡ್ಜ್ ಬಾಗಿಲು ತೆಗೆದು ನಿಂತ್ಕೋತೀನಿ, ಯಾಕೆ ಬಂದೆ ಅಂತಾನೇ ಗೊತ್ತಾಗಲ್ಲ. ವಾಪಸ್ ಹಾಲಿಗೆ ಬಂದ್ರೆ ತಟ್ ಅಂತ ನೆನಪಾಗುತ್ತೆ. ಮಕ್ಕಳು ನಗ್ತಾರೆ. ಏನಾದ್ರೂ ಕಾಯಿಲೇನಾ?
(ಗೃಹಿಣಿ, ತುಮಕೂರು)

ಉತ್ತರ: ಕಾಯಿಲೆ ಅಲ್ಲಮ್ಮ. ಫ್ರಿಡ್ಜ್ ಮುಂದೆ ನಿಂತು ತಣ್ಣಗೆ ಗಾಳಿ ತಗೊಂಡು ವಾಪಸ್ ಬರೋರು ಈ ಜಗತ್ತಲ್ಲಿ ನೀವೊಬ್ಬರೇ ಅಲ್ಲ, ನಮ್ಮನೇಲೂ ಇಬ್ಬರಿದೀವಿ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. "ಮೊಸರು ತರ್ಬೇಕು" ಅಂತ ಎದ್ದಾಗ ಆ ಯೋಚನೆ ಕೂತಿರೋದು ಒಂದು ಸಣ್ಣ ಮಣೆ ಮೇಲೆ. ನಮ್ಮೂರು, ನಮ್ಮಮ್ಮನ ಮುಖ, ಸೈಕಲ್ ತುಳಿಯೋದು, ಇವೆಲ್ಲಾ ಇರೋ ದೊಡ್ಡ ಉಗ್ರಾಣಕ್ಕೆ ಅದು ಇನ್ನೂ ಹೋಗಿರಲ್ಲ. ಈ ಮಣೆ ಮೇಲೆ ಒಂದೇ ಸಲಕ್ಕೆ ಹೆಚ್ಚು ಕಮ್ಮಿ ನಾಲ್ಕು ವಿಷಯ ಹಿಡಿಸಬಹುದು ಅಂತ ನೆಲ್ಸನ್ ಕೋವನ್ ಅನ್ನೋ ಮನಶ್ಶಾಸ್ತ್ರಜ್ಞ 2001ರಲ್ಲಿ ಲೆಕ್ಕ ಹಾಕಿ ಹೇಳಿದ್ರು. ಐದನೇದು ಬಂತು ಅಂದ್ರೆ ಯಾವುದೋ ಒಂದು ಕೆಳಗೆ ಬೀಳ್ಬೇಕು. ಬೀಳೋ ಸ್ಪೀಡೂ ಜೋರೇ. 1959ರಲ್ಲಿ ಪೀಟರ್ಸನ್ ದಂಪತಿ ಮಾಡಿದ ಪ್ರಯೋಗ ಇದೆ, ಬರೀ ಮೂರು ಇಂಗ್ಲಿಷ್ ಅಕ್ಷರ ಕೊಡ್ತಾರೆ, ಆಮೇಲೆ ಒಂದು ದೊಡ್ಡ ಸಂಖ್ಯೆ ಕೊಟ್ಟು ಅದರಿಂದ ಮೂರು ಮೂರು ಕಳೀತಾ ಹಿಂದಕ್ಕೆ ಎಣಿಸಿ ಅಂತಾರೆ, 18 ಸೆಕೆಂಡ್ ಎಣಿಸೋಷ್ಟರಲ್ಲಿ ಆ ಮೂರೇ ಮೂರು ಅಕ್ಷರ ಬಹುತೇಕ ಮಾಯ. ಓದಿದ ಕಾಲೇಜು ಹುಡುಗರ ಕಥೆ ಇದು! ನೀವು ಹಾಲಿಂದ ಅಡುಗೆಮನೆಗೆ ಹೋಗೋ ದಾರೀಲಿ ಮೂರು ಮೂರು ಎಣಿಸಲ್ಲ ನಿಜ, ಆದ್ರೆ ಬಟ್ಟೆ ಒಣಗಿತಾ, ಗ್ಯಾಸ್ ಬುಕ್ ಮಾಡಿದ್ನಾ, ಮಗಳ ಟ್ಯೂಷನ್ ಫೀಸು ಕಟ್ಬೇಕಲ್ಲಾ, ಇಷ್ಟು ಬಂದ್ರೆ ಸಾಕಲ್ವಾ.

ಇನ್ನು ಬಾಗಿಲಿನ ವಿಷಯ. ಅಮೆರಿಕದ ನೋಟ್ರ್ ಡೇಮ್ ಯೂನಿವರ್ಸಿಟಿಯ ಗೇಬ್ರಿಯಲ್ ರಾಡ್ವಾನ್ಸ್ಕಿ ಅನ್ನೋರು 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಒಂದು ಟೇಬಲ್ ಮೇಲಿನ ವಸ್ತು ಡಬ್ಬಕ್ಕೆ ಹಾಕ್ಕೊಂಡು ಇನ್ನೊಂದು ಟೇಬಲ್‌ಗೆ ನಡೀಬೇಕು, ನಡುವೆ "ಡಬ್ಬದಲ್ಲಿ ಏನಿದೆ" ಅಂತ ಕೇಳ್ತಾರೆ. ಅಷ್ಟೇ ದೂರ ಒಂದೇ ರೂಮಲ್ಲಿ ನಡೆದವರಿಗಿಂತ ಬಾಗಿಲು ದಾಟಿದವರು ಜಾಸ್ತಿ ಮರೆತ್ರು. ಬಾಗಿಲು ದಾಟಿದ ತಕ್ಷಣ ಮೆದುಳು "ಆ ಕೆಲಸ ಮುಗೀತು, ಇದು ಹೊಸದು" ಅಂತ ಹಳೇ ಹಾಳೆ ಮಗುಚಿ ಹಾಕುತ್ತೆ ಅನ್ನೋದು ಅವರ ವಿವರಣೆ. ಆದ್ರೆ ಎಲ್ಲಾ ತಪ್ಪೂ ಬಾಗಿಲಿನ ಮೇಲೆ ಹಾಕ್ಬೇಡಿ. 2021ರಲ್ಲಿ ಆಸ್ಟ್ರೇಲಿಯಾದವರು ಇದನ್ನ ಮತ್ತೆ ಮಾಡಿ ನೋಡಿದಾಗ ತಲೆ ಖಾಲಿ ಇದ್ದವರಿಗೆ ಬಾಗಿಲಿಂದ ಏನೂ ಆಗಲಿಲ್ಲ, ತಲೇಲಿ ಬೇರೆ ಲೆಕ್ಕ ಓಡ್ತಿದ್ದವರಷ್ಟೇ ಎಡವಿದ್ರು.

ವಾಪಸ್ ಬಂದ್ರೆ ನೆನಪಾಗುತ್ತೆ ಅಂದ್ರಲ್ಲ, ಅದು ನಂಗೆ ತುಂಬಾ ಇಷ್ಟದ ಭಾಗ. ಯಾಕಂದ್ರೆ ರಾಡ್ವಾನ್ಸ್ಕಿಯವರ ಪ್ರಯೋಗದಲ್ಲಿ ಮೊದಲಿನ ರೂಮಿಗೆ ವಾಪಸ್ ಹೋದ್ರೂ ನೆನಪು ಸುಧಾರಿಸಲಿಲ್ಲ! ಹಾಗಾದ್ರೆ ನಿಮಗೆ ಯಾಕೆ ಆಗುತ್ತೆ? ನಂಗನ್ಸೋದು ಇಷ್ಟು, ಅವರ ರೂಮಲ್ಲಿ ಬರೀ ಟೇಬಲ್ ಇತ್ತು, ನಿಮ್ಮ ಹಾಲಲ್ಲಿ ಯಜಮಾನರ ತಟ್ಟೇಲಿ ಅರ್ಧ ಕಲಸಿದ ಅನ್ನ ಇದೆ. ಆ ತಟ್ಟೆ ಕಂಡ ಕೂಡ್ಲೆ ಮೊಸರು ನೆನಪಾಗುತ್ತೆ. ಹಾಗಾಗಿ ಮುಂದಿನ ಸಲ ಖಾಲಿ ಕೈಲಿ ಎದ್ದು ಹೋಗ್ಬೇಡಿ, ಮೊಸರಿನ ಖಾಲಿ ಬಟ್ಟಲು ಕೈಲಿ ಹಿಡ್ಕೊಂಡೇ ಹೋಗಿ. ಇಲ್ಲಾಂದ್ರೆ ನಮ್ಮಜ್ಜಿ ಥರ "ಮೊಸರು ಮೊಸರು ಮೊಸರು" ಅಂತ ಬಾಯಲ್ಲಿ ಹೇಳ್ಕೊಂಡೇ ಹೋಗಿ. ಮಕ್ಕಳು ಹೇಗೂ ನಗ್ತಿದಾರೆ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಲ್ಲಿ ಇತಿಹಾಸ ಪಾಠ ಮಾಡ್ತೀನಿ. ಪಾಠ ಜೋರಾಗಿ ನಡೀತಿರುತ್ತೆ, ಯಾರೋ ಒಬ್ಬ ಎದ್ದು ಏನೋ ಕೇಳ್ತಾನೆ, ಉತ್ತರ ಹೇಳಿ ತಿರುಗಿದ್ರೆ ನಾನು ಎಲ್ಲಿದ್ದೆ ಅಂತಾನೇ ತೋಚಲ್ಲ. ಕೆಲವು ಸಲ ಯಾರೂ ಏನೂ ಕೇಳದೇ ಇದ್ರೂ ವಾಕ್ಯದ ಮಧ್ಯಕ್ಕೇ ಎಳೆ ಕಡಿದುಹೋಗುತ್ತೆ. ಹುಡುಗರ ಮುಂದೆ ಅವಮಾನ.
(ಉಪನ್ಯಾಸಕ, ಹಾವೇರಿ)

ಉತ್ತರ: ಮೇಷ್ಟ್ರೇ, ನೀವು ಯಾವತ್ತಾದ್ರೂ ಅಷ್ಟಾವಧಾನ ನೋಡಿದೀರಾ? ನೋಡಿಲ್ಲಾಂದ್ರೆ ಒಮ್ಮೆ ನೋಡಿ, ನಿಮ್ಮ ಸಮಸ್ಯೇನ ಒಂದು ಕಲೆ ಮಾಡಿ ವೇದಿಕೆ ಮೇಲೆ ಕೂರಿಸಿದಾರೆ.

ಮಧ್ಯದಲ್ಲಿ ಪದ್ಯ ಕಟ್ಟೋ ಅವಧಾನಿ, ಅವರ ಸುತ್ತ ಎಂಟು ಜನ ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಕೂತಿರ್ತಾರೆ. ಒಬ್ಬರು ಸಮಸ್ಯೆ ಅಂತ ಪದ್ಯದ ಕೊನೇ ಸಾಲು ಕೊಟ್ಟು ಮೇಲಿನ ಮೂರು ಸಾಲು ಕಟ್ಟಿ ಅಂತಾರೆ, ಇನ್ನೊಬ್ಬರು ದತ್ತಪದಿ ಅಂತ ಸಂಬಂಧಾನೇ ಇಲ್ಲದ ನಾಲ್ಕು ಪದ ಕೊಟ್ಟು ಒಂದೊಂದು ಸಾಲಿಗೆ ಒಂದೊಂದು ಸೇರಿಸಿ ಅಂತಾರೆ, ನಿಷೇಧಾಕ್ಷರಿಯವರು ಅವಧಾನಿ ಒಂದಕ್ಷರ ಹೇಳಿದ ಮೇಲೆ ಮುಂದಿನ ಅಕ್ಷರ ಇದಾಗಬಾರದು ಅಂತ ಬಾಗಿಲು ಹಾಕ್ತಾ ಹೋಗ್ತಾರೆ. ಒಂದು ಸುತ್ತಿಗೆ ಒಂದು ಸಾಲಷ್ಟೇ, ಒಬ್ಬರದ್ದು ಅರ್ಧಕ್ಕೆ ಬಿಟ್ಟು ಇನ್ನೊಬ್ಬರ ಹತ್ರ ಹೋಗ್ಬೇಕು, ಮತ್ತೆ ಸುತ್ತು ಬಂದಾಗ ಬಿಟ್ಟಲ್ಲಿಂದಾನೇ ಎತ್ಕೋಬೇಕು. ಪೆನ್ನು ಪೇಪರ್ ಇಲ್ಲ. ಇವರ ನಡುವೆ ಒಬ್ಬ ಮಹಾನುಭಾವ ಇರ್ತಾನೆ, ಅಪ್ರಸ್ತುತ ಪ್ರಸಂಗದವನು. ಅವನ ಕೆಲಸವೇ ಎಳೆ ಕಡಿಯೋದು. ಅವಧಾನಿ ನಿಷೇಧಾಕ್ಷರಿಯಲ್ಲಿ ಮುಳುಗಿದ್ದಾಗ "ಸ್ವಾಮಿ, ಇವತ್ತು ತಿಂಡಿಗೆ ಇಡ್ಲೀನಾ ವಡೇನಾ" ಅಂತ ಕೇಳಿಬಿಡ್ತಾನೆ, ಅದಕ್ಕೂ ನಗು ಬರೋ ಹಾಗೆ ಉತ್ತರ ಕೊಟ್ಟು ಪದ್ಯಕ್ಕೆ ವಾಪಸ್ ಬರ್ಬೇಕು. ಕೊನೇಲಿ ಧಾರಣ, ಅಂದ್ರೆ ಕಟ್ಟಿದ ಪದ್ಯಗಳನ್ನೆಲ್ಲಾ ಒಟ್ಟಿಗೆ ನೆನಪಿಂದ ಹೇಳ್ಬೇಕು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದಾಗ ಇದು ಎಂಟಲ್ಲ, ನೂರು.

ಇದನ್ನ ಯಾಕೆ ಹೇಳಿದೆ ಅಂದ್ರೆ, (ನೋಡಿ ನಾನು ಇಲ್ಲೇ ಎಳೆ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು) ಮಾತಿನ ಮಧ್ಯ ಅಡ್ಡಿ ಬಂದ್ರೆ ಎಳೆ ತಪ್ಪೋದು ಮನುಷ್ಯನ ಸಹಜ ಸ್ಥಿತಿ, ತಪ್ಪದೇ ಇರೋದೇ ಸಾಧನೆ, ಅದನ್ನ ದುಡ್ಡು ಕೊಟ್ಟು ನೋಡೋಕೆ ಜನ ಬರ್ತಾರೆ. ಅವಧಾನಿಗಳಿಗೂ ಆ ನಾಲ್ಕು ವಿಷಯದ ಮಣೇನೇ ಇರೋದು. ಅವರು ಮಾಡೋದೇನು ಅಂದ್ರೆ ಬಿಟ್ಟು ಹೋಗೋ ಮುಂಚೆ ಒಂದು ಗೂಟ ಹೊಡೆದು ಹೋಗ್ತಾರೆ. ಛಂದಸ್ಸು ಗೊತ್ತಿರೋದ್ರಿಂದ ಸಾಲಲ್ಲಿ ಎಷ್ಟು ಮಾತ್ರೆ ಬಾಕಿ ಅಂತ ಗೊತ್ತು, ಆದಿಪ್ರಾಸ ಇರೋದ್ರಿಂದ ಪ್ರತಿ ಸಾಲಿನ ಎರಡನೇ ಅಕ್ಷರ ಮೊದಲೇ ಫಿಕ್ಸು. ಹೀಗೆ ಹಿಡ್ಕೊಳ್ಳೋಕೆ ಹಿಡಿ ಇರುತ್ತೆ. ನಾವು ಗದ್ಯದವರು, ನಮಗೆ ಹಿಡಿ ಇಲ್ಲ, ನಾವೇ ಮಾಡ್ಕೋಬೇಕು. ಹುಡುಗ ಕೈ ಎತ್ತಿದ ತಕ್ಷಣ ಉತ್ತರಕ್ಕೆ ಹಾರಬೇಡಿ, ಬೋರ್ಡ್ ಮೂಲೇಲಿ ಒಂದೇ ಒಂದು ಪದ ಬರೀರಿ, "ತಾಳೀಕೋಟೆ, ಆಮೇಲೆ ಪೆನುಕೊಂಡೆ" ಅಂತ ಬರೆದ್ರೂ ಸಾಕು. ಎರಡು ಸೆಕೆಂಡಿನ ಕೆಲಸ. ಅದೂ ಮರೆತ್ರೆ ನಾಚಿಕೆ ಬಿಟ್ಟು "ಎಲ್ಲಿದ್ವಪ್ಪಾ" ಅಂತ ಕ್ಲಾಸಿಗೇ ಕೇಳಿ, ಮುಂದಿನ ಬೆಂಚಿನ ಹುಡುಗಿ ಹೇಳ್ತಾಳೆ, ಅವಳಿಗೂ ಖುಷಿ, ಹಿಂದಿನ ಬೆಂಚಿನವರು ಎದ್ದಿದಾರಾ ಅಂತಾನೂ ಗೊತ್ತಾಗುತ್ತೆ.

ಯಾರೂ ಅಡ್ಡ ಬರದೇ ಎಳೆ ಕಡಿಯೋದಕ್ಕೆ ಕಾರಣ ಸಾಮಾನ್ಯವಾಗಿ ಒಳಗಿನ ಅಪ್ರಸ್ತುತ ಪ್ರಸಂಗಿ. "ಈ ಸಲಾನೂ ಮರೆತುಬಿಡ್ತೀನಾ" ಅಂತ ತಲೇಲೊಂದು ದನಿ ಮಾತಾಡ್ತಿರುತ್ತಲ್ಲ, ಅದು ಮಣೆ ಮೇಲೆ ಎರಡು ಜಾಗ ಹಿಡ್ಕೊಂಡುಬಿಡುತ್ತೆ. ಅವಮಾನ ಅಂತ ಅಂದ್ಕೊಂಡಷ್ಟೂ ಅದಕ್ಕೆ ಜಾಗ ಜಾಸ್ತಿ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಆಫೀಸಿಂದ ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಅಂದ್ರೆ ನೂರಕ್ಕೆ ತೊಂಬತ್ತು ಸಲ ಮರೀತಾರೆ. ಆದ್ರೆ 1996ರ ಮ್ಯಾಚು ಬಾಲ್ ಬಾಲ್ ಹೇಳ್ತಾರೆ. ಇದು ಮರೆವೋ ನಾಟಕವೋ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಅಮ್ಮಾ, ಆ ಮ್ಯಾಚು ನನಗೂ ನೆನಪಿದೆ. ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ಕ್ವಾರ್ಟರ್ ಫೈನಲ್, ಸಿದ್ದು 93, ಜಡೇಜಾ 25 ಬಾಲಿಗೆ 45, ಆಮೇಲೆ ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿ ಕೆಣಕಿದ್ದು, ಮುಂದಿನ ಬಾಲಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪು ಎಗರಿಸಿದ್ದು. ಇಷ್ಟು ಬರೆಯೋಕೆ ನಾನು ಎಲ್ಲೂ ನೋಡಲಿಲ್ಲ. ನಮ್ಮನೆಗೂ ಕೊತ್ತಂಬರಿ ಬರೋದು ಕಷ್ಟಾನೇ.

ನಾಟಕ ಅಲ್ಲ, ಇವೆರಡೂ ಬೇರೆ ಬೇರೆ ಕೆಲಸ. ಮ್ಯಾಚು ಆಗಿಹೋದದ್ದು, ಆವತ್ತು ಎದೆ ಡವಡವ ಅಂತಿತ್ತು, ಎದೆ ಡವಗುಟ್ಟಿದಾಗ ಆಗಿದ್ದು ಗಟ್ಟಿ ಕೂರುತ್ತೆ. ಅದೂ ಅಲ್ಲದೆ ಅದನ್ನ ಮೂವತ್ತು ವರ್ಷದಲ್ಲಿ ಎಷ್ಟು ಸಲ ಹೇಳಿದಾರೋ, ಒಂದೊಂದು ಸಲ ಹೇಳಿದಾಗ್ಲೂ ಹೊಸದಾಗಿ ಬಣ್ಣ ಹೊಡೆದ ಹಾಗೆ. ಕೊತ್ತಂಬರಿ ಹಾಗಲ್ಲ, ಅದು ಮುಂದೆ ಮಾಡ್ಬೇಕಾದ್ದು, ಸರಿಯಾದ ಜಾಗಕ್ಕೆ ಬಂದಾಗ ತಾನಾಗೇ ನೆನಪಿಗೆ ಬರ್ಬೇಕು, ಯಾರೂ ಕೇಳಲ್ಲ. ದಿನಾ ಹೋಗೋ ದಾರೀಲಿ ಸ್ಕೂಟರ್ ತಾನೇ ಮನೆಗೆ ಬಂದುಬಿಡುತ್ತೆ, ತಲೆ ಎಲ್ಲೋ ಇರುತ್ತೆ, ಅಂಗಡಿ ಮುಂದೇನೇ ಬಂದ್ರೂ ಕಣ್ಣಿಗೆ ಬೀಳಲ್ಲ.

ಹಿಂದಿನವರು ಇದಕ್ಕೇ ಸೆರಗಿಗೆ ಗಂಟು ಹಾಕ್ಕೊಳ್ತಿದ್ರು. ಗಂಟಿನ ಒಂದೇ ತೊಂದ್ರೆ ಅಂದ್ರೆ "ಏನೋ ಇದೆ" ಅಂತ ಹೇಳುತ್ತೆ, ಏನು ಅಂತ ಹೇಳಲ್ಲ! ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಅನ್ನೋರು 1990ರ ದಶಕದಿಂದ ತೋರಿಸಿರೋ ಉಪಾಯ ಇದಕ್ಕಿಂತ ಸ್ವಲ್ಪ ಮೇಲು: "ಸೊಪ್ಪು ತರ್ಬೇಕು" ಅಂತ ಅಲ್ಲ, "ಆ ಪೆಟ್ರೋಲ್ ಬಂಕ್ ಕಂಡ ಕೂಡ್ಲೆ ಎಡಕ್ಕೆ ತಿರುಗಿ ಸೊಪ್ಪಿನವಳ ಹತ್ರ ನಿಲ್ಲಿಸ್ತೀನಿ" ಅಂತ ಜಾಗ ಸಮೇತ ಹೇಳ್ಕೋಬೇಕು. ಬೆಳಿಗ್ಗೆ ಹೊರಡುವಾಗ ನೀವು ಹೇಳೋದಲ್ಲ, ಅವರ ಬಾಯಿಂದಾನೇ ಒಂದ್ಸಲ ಹೇಳಿಸಿ. ಅದಕ್ಕೂ ಬಗ್ಗದಿದ್ರೆ ಕುಂಡದಲ್ಲಿ ಧನಿಯಾ ಉದುರಿಸಿ.

ಪ್ರಶ್ನೆ: ಬ್ಯಾಂಕಲ್ಲಿ 36 ವರ್ಷ ಕೆಲಸ ಮಾಡಿ ರಿಟೈರ್ ಆಗಿದೀನಿ. ಮದುವೆ ಮನೇಲಿ ಹಳೇ ಸಹೋದ್ಯೋಗಿ ಎದುರಿಗೆ ಬಂದ್ರೆ ಅವನ ಊರು, ಮಗಳ ಕೆಲಸ, ಅವನಿಗೆ ಸಕ್ಕರೆ ಕಾಯಿಲೆ ಇರೋದು ಎಲ್ಲಾ ನೆನಪಾಗುತ್ತೆ, ಹೆಸರು ಮಾತ್ರ ನಾಲಿಗೆ ತುದೀಲಿ ನಿಂತು ಸತಾಯಿಸುತ್ತೆ.
(ನಿವೃತ್ತರು, ಮೈಸೂರು)

ಉತ್ತರ: ಉತ್ತರ ಕರ್ನಾಟಕದ ಕಡೆ ಬಡಿಗೇರ ಅಂತ ಅಡ್ಡಹೆಸರು ಇದೆಯಲ್ಲ. ಈಗ ಇಬ್ಬರ ಫೋಟೋ ತೋರಿಸ್ತೀನಿ ಅಂದ್ಕೊಳ್ಳಿ, ಒಬ್ಬರು ಬಡಗಿ ಅಂತ, ಇನ್ನೊಬ್ಬರ ಹೆಸರು ಬಡಿಗೇರ ಅಂತ ಹೇಳ್ತೀನಿ. ನಾಳೆ ಕೇಳಿದ್ರೆ ಮೊದಲಿನವರು ಬಡಗಿ ಅಂತ ನೆನಪಿರುತ್ತೆ, ಎರಡನೆಯವರ ಹೆಸರು ಹಾರಿಹೋಗಿರುತ್ತೆ. ಪದ ಹೆಚ್ಚು ಕಮ್ಮಿ ಒಂದೇ! ಇಂಗ್ಲೆಂಡಲ್ಲಿ ಬೇಕರ್ ಅನ್ನೋ ಹೆಸರು ಮತ್ತು ಬ್ರೆಡ್ಡು ಸುಡೋ ಬೇಕರ್ ಅನ್ನೋ ಕಸುಬು ಇಟ್ಕೊಂಡು 1987ರಲ್ಲಿ ಇದೇ ಪರೀಕ್ಷೆ ಮಾಡಿದ್ರು. ಬಡಗಿ ಅಂದ್ರೆ ಉಳಿ, ಕರಗಸ, ಮರದ ಹೊಟ್ಟು, ವಾಸನೆ ಎಲ್ಲಾ ಜೊತೆಗೇ ಬರುತ್ತೆ, ನಾಲ್ಕು ಕಡೆಯಿಂದ ದಾರಿ ಇದೆ. ಹೆಸರಿಗೆ ಒಂದೇ ದಾರಿ, ಅದಕ್ಕೆ ಅರ್ಥ ಇಲ್ಲ, ವಾಸನೆ ಇಲ್ಲ. ವಯಸ್ಸಾದ ಹಾಗೆ ಕಡಿಮೆ ಓಡಾಡಿದ ಒಂಟಿ ದಾರಿಗಳಲ್ಲೇ ಮೊದಲು ಹುಲ್ಲು ಬೆಳೆಯೋದು.

ಆದ್ರೆ ಹೆಸರು ಅಳಿಸಿಹೋಗಿಲ್ಲ, ಗಮನಿಸಿ. ಹಾರ್ವರ್ಡ್‌ನಲ್ಲಿ ಬ್ರೌನ್ ಮತ್ತು ಮೆಕ್‌ನೀಲ್ 1966ರಲ್ಲಿ ಅಪರೂಪದ ಪದಗಳ ಅರ್ಥ ಓದಿ ಹೇಳಿ ಪದ ಯಾವುದು ಅಂತ ಕೇಳಿದ್ರು, "ನಾಲಿಗೆ ತುದೀಲಿದೆ, ಬರ್ತಿಲ್ಲ" ಅಂದವರು ಕೂಡ ಅರ್ಧಕ್ಕಿಂತ ಹೆಚ್ಚು ಸಲ ಅದರ ಮೊದಲ ಅಕ್ಷರ ಸರಿಯಾಗಿ ಹೇಳಿದ್ರು. ಅಂದ್ರೆ ಒಳಗೆ ಇದೆ, ಬಾಗಿಲು ಅಂಟ್ಕೊಂಡಿದೆ. ನಿಮಗೂ ಆಗಿರುತ್ತೆ, "ರ ಇಂದ ಶುರು, ರಾಜಣ್ಣ ಅಲ್ಲ, ರಾಮಣ್ಣ ಅಲ್ಲ" ಅಂತ. ಆ ರಾಜಣ್ಣ ಮತ್ತೆ ಮತ್ತೆ ಬಂದು ಬಾಗಿಲಿಗೆ ಅಡ್ಡ ನಿಲ್ತಾನೆ ನೋಡಿ, ಅವನನ್ನ ತಳ್ಳೋಕೆ ಹೋದಷ್ಟೂ ಅವನು ಗಟ್ಟಿ ನಿಲ್ತಾನೆ. ಬಿಟ್ಟುಬಿಡಿ. ಊಟ ಮುಗಿಸಿ ಕೈ ತೊಳೀತಿದ್ದಾಗ "ಅಯ್ಯೋ ರಂಗನಾಥ!" ಅಂತ ಬಂದೇ ಬರುತ್ತೆ, ಆಗ ಹೋಗಿ ಜೋರಾಗಿ ಹೆಸರು ಹಿಡಿದು ಕರೀರಿ. ಅಲ್ಲೀವರೆಗೂ "ಏನಪ್ಪಾ ದೊರೆ" ಅನ್ನೋದು ಸಾಕು, ನಾನು ಎಷ್ಟೋ ವರ್ಷದಿಂದ ಅದರಲ್ಲೇ ಕಾಲ ಹಾಕಿದೀನಿ.

ಪ್ರಶ್ನೆ: ಸರ್, ಸೆಕೆಂಡ್ ಪಿಯು ಸೈನ್ಸ್. ಮೂರು ಮೂರು ಸಲ ಓದ್ತೀನಿ, ಓದುವಾಗ ಎಲ್ಲಾ ಬರುತ್ತೆ, ಎಕ್ಸಾಮ್ ಹಾಲಲ್ಲಿ ಬ್ಲ್ಯಾಂಕ್.
(ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: "ಓದುವಾಗ ಎಲ್ಲಾ ಬರುತ್ತೆ" ಅಂದ್ಯಲ್ಲ ತಂಗಿ, ಅದೇ ಮೋಸ. ಪುಸ್ತಕ ಮುಂದೆ ಇದ್ದಾಗ ಕಣ್ಣಿಗೆ ಪರಿಚಯ ಆಗುತ್ತೆ, ಪರಿಚಯ ಇರೋದನ್ನ ನಾವು ಗೊತ್ತಿದೆ ಅಂದ್ಕೋತೀವಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋರು ಅಮೆರಿಕದಲ್ಲಿ ಮಾಡಿದ್ದು ಕೇಳು. ಒಂದು ಗುಂಪಿಗೆ ಒಂದೇ ಪಾಠ ನಾಲ್ಕು ಸಲ ಓದಿಸಿದ್ರು. ಇನ್ನೊಂದು ಗುಂಪಿಗೆ ಒಂದೇ ಸಲ ಓದಿಸಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದಿದ್ದು ಸುಮಾರು 40 ಪರ್ಸೆಂಟು, ಮುಚ್ಚಿ ಬರೆದವರಿಗೆ 61. ಮಗ್ಗೀನ ನಮ್ಮ ಕಾಲದ ಮೇಷ್ಟ್ರು ನೋಡ್ಕೊಂಡು ಓದಿಸ್ತಿರ್ಲಿಲ್ಲ, ನಿಲ್ಲಿಸಿ ಹೇಳಿಸ್ತಿದ್ರು, ಅದಕ್ಕೇ ಇವತ್ತೂ ಹದಿನೇಳೆಂಟ್ಲ ಅಂದ್ರೆ ನೂರಾಮೂವತ್ತಾರು ತಾನಾಗೇ ಬರುತ್ತೆ. (ಕೋಲಿನ ಪಾತ್ರಾನೂ ಇತ್ತು, ಅದು ಬೇಡ.)

ಮರೆಯೋದಂತೂ ಎಲ್ಲರಿಗೂ ಬೇಗಾನೇ. ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಹೋಗುತ್ತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದ. ಒಂದು ಗಂಟೇಲೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಒಂದು ದಿನಕ್ಕೆ ಮೂರನೇ ಒಂದು ಪಾಲು ಉಳಿದಿತ್ತು, ಆದ್ರೆ ತಿಂಗಳಾದ್ರೂ ಐದನೇ ಒಂದು ಪಾಲು ಹೋಗದೆ ಹಾಗೇ ಇತ್ತು. ನಷ್ಟ ಎಲ್ಲಾ ಮೊದಲ ದಿನದ್ದೇ. ಅಂದ್ರೆ ಇವತ್ತು ಓದಿದ್ದನ್ನ ನಾಳೆ ಬೆಳಿಗ್ಗೆ ಪುಸ್ತಕ ಮುಚ್ಚಿ ಹತ್ತು ನಿಮಿಷ ಬರೆದು ನೋಡು, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದೋದಂತೂ ಬೇಡವೇ ಬೇಡ, ಓದಿದ್ದು ಗಟ್ಟಿಯಾಗೋದೇ ಮಲಗಿದಾಗ. ಹಾಲಲ್ಲಿ ಬ್ಲ್ಯಾಂಕ್ ಆದ್ರೆ ಆ ಪ್ರಶ್ನೆ ಜೊತೆ ಗುದ್ದಾಡದೆ ಬರೋದನ್ನ ಬರಿಯೋಕೆ ಶುರು ಮಾಡು, ಕೈ ಓಡ್ತಾ ಭಯ ಇಳಿಯುತ್ತೆ, ಉಳಿದದ್ದು ಹಿಂದೇನೇ ಬರುತ್ತೆ.

ಪ್ರಶ್ನೆ: ಸರ್, ನಮ್ಮವ್ವಗ 71 ವರ್ಷ. ಒಂದ್ ವರ್ಷ ಆತು, ಒಂದ ಮಾತು ಮೂರ್ ಮೂರ್ ಸಲ ಕೇಳ್ತಾಳ. ಹೋದ ತಿಂಗಳ ಮಠಕ್ಕ ಹೋದಾಕಿ ಮನಿ ದಾರಿ ತಪ್ಪಿ ಬ್ಯಾರೆ ಓಣ್ಯಾಗ ನಿಂತಿದ್ಲು, ನಲವತ್ತು ವರ್ಷದಿಂದ ಅದ ಓಣ್ಯಾಗ ಅದೀವಿ. ಮಂದಿ "ಅರವತ್ತಕ್ಕ ಅರಳು ಮರಳು, ಬಿಡಪ" ಅಂತಾರ. ಬಿಡ್ಲ್ಯೋ ತೋರಿಸ್ಲ್ಯೋ?
(ಒಬ್ಬ ಮಗ, ಹುಬ್ಬಳ್ಳಿ)

ಉತ್ತರ: ತೋರಿಸಿ. ಈ ವಾರಾನೇ. ಮೇಲಿನವರಿಗೆಲ್ಲಾ ತಮಾಷೆ ಮಾಡ್ಕೊಂಡು ಉತ್ತರ ಬರೆದೆ, ನಿಮಗೆ ಹಾಗೆ ಬರಿಯಲ್ಲ.

ಕೀಲಿ ಎಲ್ಲಿಟ್ಟೆ ಅಂತ ಹುಡುಕೋದು ಬೇರೆ, ಕೀಲಿ ಕೈಲಿ ಹಿಡ್ಕೊಂಡು ಇದ್ಯಾಕೆ ಅಂತ ನೋಡೋದು ಬೇರೆ. ಹೆಸರು ಮರೆತು ಆಮೇಲೆ ನೆನಪಾಗೋದು ಬೇರೆ, ಹೇಳಿದ್ದೇ ನೆನಪಿಲ್ಲದೆ ಮತ್ತೆ ಕೇಳೋದು ಬೇರೆ. ನಲವತ್ತು ವರ್ಷದ ಓಣಿ ತಪ್ಪೋದು ವಯಸ್ಸಿನ ಮರೆವಲ್ಲ. ಇನ್ನೊಂದು ಗುರುತು ಹೇಳ್ತೀನಿ, ಸಾಮಾನ್ಯ ಮರೆವು ಇರೋರು ತಾವೇ ಬಂದು "ನಂಗೆ ಮರೆವು ಜಾಸ್ತಿ ಆಗಿದೆ" ಅಂತ ಗೋಳಾಡ್ತಾರೆ, ಕಾಯಿಲೆ ಇದ್ದಾಗ ಬಹಳ ಸಲ ಗಾಬರಿ ಮನೆಯವರಿಗೇ ಜಾಸ್ತಿ, ಅವರಿಗೆ ಗೊತ್ತೇ ಆಗಿರಲ್ಲ. ನಿಮ್ಮ ಪತ್ರ ಬರೆದಿರೋದು ನೀವು, ಅವ್ವ ಅಲ್ಲ.

ಹಾಗಂತ ಹೋದ ಕೂಡ್ಲೆ ದೊಡ್ಡ ಕಾಯಿಲೇನೇ ಅಂತ ಅಂದ್ಕೋಬೇಡಿ. ಸರಿಪಡಿಸೋಕೆ ಆಗೋ ಕಾರಣಗಳು ಸುಮಾರಿವೆ. ಬಿ12 ಕಮ್ಮಿ ಆದ್ರೆ ಹೀಗಾಗುತ್ತೆ, ಶುದ್ಧ ಸಸ್ಯಾಹಾರಿಗಳಲ್ಲಿ ಮತ್ತೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಇದು ಕಮ್ಮಿ ಆಗೋದುಂಟು. ಥೈರಾಯ್ಡ್ ಇಳಿದ್ರೆ ಆಗುತ್ತೆ. ಮನಸ್ಸಿಗೆ ಖಿನ್ನತೆ ಹಿಡಿದ್ರೆ ಥೇಟ್ ಮರೆವಿನ ಕಾಯಿಲೆ ಥರಾನೇ ಕಾಣುತ್ತೆ. ಕಿವಿ ಮಂದ ಆಗಿದ್ರೆ ಹೇಳಿದ್ದು ಒಳಗೇ ಹೋಗಿರಲ್ಲ, ನಾವು ಮರೆತ್ರು ಅಂತೀವಿ. ನಿದ್ದೆ ಮಾತ್ರೆ, ನೆಗಡಿಗೆ ತಗೊಳ್ಳೋ ಕೆಲವು ಮಂಪರಿನ ಮಾತ್ರೆ ಕೂಡ ವಯಸ್ಸಾದವರ ತಲೆ ಮಂಕು ಮಾಡ್ತವೆ, ಹಾಗಾಗಿ ಅವ್ವ ತಗೊಳ್ಳೋ ಎಲ್ಲಾ ಮಾತ್ರೆ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ, ಚೀಟಿ ಅಲ್ಲ, ಮಾತ್ರೇನೇ. ಇತ್ತೀಚೆಗೆ ಎಲ್ಲಾದ್ರೂ ಬಿದ್ದು ತಲೆಗೆ ಪೆಟ್ಟಾಗಿತ್ತಾ ಅಂತ ನೆನಪು ಮಾಡ್ಕೊಂಡು ಹೇಳಿ, ವಯಸ್ಸಾದವರಿಗೆ ಒಳಗೆ ನಿಧಾನವಾಗಿ ರಕ್ತ ಕಟ್ಟಿ ವಾರಗಳಾದ ಮೇಲೆ ಹೀಗೆ ತೋರಿಸ್ಬಹುದು. ಮತ್ತೆ, ಮರೆವು ಒಂದೇ ದಿನದಲ್ಲಿ ದಿಢೀರ್ ಅಂತ ಬಂದ್ರೆ, ಮಾತು ತೊದಲಿದ್ರೆ, ಒಂದು ಕೈ ಸೋತ್ರೆ, ಆಗ ವಾರ ಕಾಯೋ ಪ್ರಶ್ನೇನೇ ಇಲ್ಲ, ಆ ಕ್ಷಣವೇ ಆಸ್ಪತ್ರೆ.

ಇವೆಲ್ಲಾ ಅಲ್ಲ ಅಂತಾದ್ರೆ ಡಿಮೆನ್ಷಿಯಾ ಅಂತಾರೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಚಿಲ್ಲರೆ ಜನಕ್ಕೆ, ಸುಮಾರು 88 ಲಕ್ಷ ಮಂದಿಗೆ ಇದೆ ಅಂತ 2023ರಲ್ಲಿ ಬಂದ ದೊಡ್ಡ ಸಮೀಕ್ಷೆಯ ಅಂದಾಜು. ಈ ಲೆಕ್ಕಾನ ಇನ್ನೊಂದು ಕಡೆಯಿಂದ ನೋಡಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನಕ್ಕೆ ಇಲ್ಲ. ಅರವತ್ತಾದ್ರೆ ಅರಳು ಮರಳು ಆಗ್ಲೇಬೇಕು ಅನ್ನೋ ಗಾದೆ ಸುಳ್ಳು, ಆ ಗಾದೆಯಿಂದ ಎಷ್ಟು ಜನ ಡಾಕ್ಟರ್ ಹತ್ರ ಹೋಗದೇ ಉಳಿದ್ರೋ. ಡಿಮೆನ್ಷಿಯಾ ಪೂರ್ತಿ ವಾಸಿ ಆಗಲ್ಲ ಅನ್ನೋದು ನಿಜ, ಆದ್ರೆ ಬೇಗ ಗೊತ್ತಾದ್ರೆ ಔಷಧಿ, ದಿನಚರಿ, ಮನೆ ಜೋಡಿಸೋ ರೀತಿ ಇವುಗಳಿಂದ ಅವರ ದಿನಗಳು ಸುಲಭ ಆಗ್ತವೆ, ಹಣಕಾಸಿನ ಕಾಗದ ಪತ್ರ ಅವರಿಗೆ ತಿಳಿವಳಿಕೆ ಇದ್ದಾಗಲೇ ಸರಿಮಾಡ್ಕೋಬಹುದು. ಮೊದಲು ನಿಮ್ಮೂರಿನ ದೊಡ್ಡ ಸರ್ಕಾರಿ ಆಸ್ಪತ್ರೇಲಿ ನರರೋಗ ಇಲ್ಲಾ ಮನೋರೋಗ ವಿಭಾಗಕ್ಕೆ ತೋರಿಸಿ, ಬೇಕಾದ್ರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡ್ತಾರೆ. ನೋಡ್ಕೊಳ್ಳೋರಿಗೂ ಸುಸ್ತಾಗುತ್ತೆ, ನಿಮಗೇ ಸಾಕಾಗಿಹೋದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಅಲ್ಲೀವರೆಗೂ ಅವ್ವನ ಸೆರಗಿನ ಒಳಗೆ ಇಲ್ಲಾ ಚೀಲದಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ನಾಲ್ಕನೇ ಸಲ ಕೇಳಿದಾಗ "ಈಗಷ್ಟೇ ಹೇಳಿದ್ನಲ್ಲವ್ವಾ" ಅನ್ಬೇಡಿ, ಅವರಿಗದು ಮೊದಲನೇ ಸಲವೇ. ಮಾತಾಡ್ಸ್ತಾ ಇರಿ. ಈಗ ನಿಮ್ಹಾನ್ಸ್‌ನಲ್ಲಿರೋ ಸುವರ್ಣಾ ಅಲ್ಲಾಡಿ ಮತ್ತವರ ತಂಡ ಹೈದರಾಬಾದಿನ 648 ರೋಗಿಗಳನ್ನ ನೋಡಿ 2013ರಲ್ಲಿ ಬರೆದಿದ್ದು, ಒಂದಕ್ಕಿಂತ ಹೆಚ್ಚು ಭಾಷೆ ಆಡೋರಿಗೆ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬರದವರಲ್ಲೂ. ಹುಬ್ಬಳ್ಳೀಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳೋದು ಹೊಸದೇನಲ್ಲ, ನಿಮ್ಮವ್ವಂಗೆ ಯಾವ್ಯಾವ ಭಾಷೆ ಬರುತ್ತೋ ಅದರಲ್ಲೆಲ್ಲಾ ನಾಲ್ಕು ಮಾತು ಆಡಿಸಿ.

ಡಾಕ್ಟರ್ ಏನಂದ್ರು ಅಂತ ಒಂದು ಸಾಲು ಬರೀರಿ, ಕಾಯ್ತಿರ್ತೀನಿ.

ಪ್ರಶ್ನೆ: ಒಂದೆಲಗ ದಿನಾ ತಿಂದ್ರೆ ಜ್ಞಾಪಕಶಕ್ತಿ ಹೆಚ್ಚುತ್ತಂತೆ, ಹೌದಾ?
(ಶಿರಸಿಯಿಂದ)

ಉತ್ತರ: ಶಿರಸಿಯವರು ನನ್ನನ್ನ ಕೇಳೋದಾ! ಒಂದು ಗೊಂದಲ ಬಿಡಿಸ್ತೀನಿ, ನೀವು ಗದ್ದೆ ಬದಿಯಿಂದ ಕಿತ್ತು ತರೋ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ಕೆಸರಲ್ಲಿ ಬೆಳೆಯೋ ದಪ್ಪ ಎಲೆಯ ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ, ಗಿಡ ಎರಡೂ ಬೇರೆ. ನೆನಪಿನ ಮೇಲೆ ಪರೀಕ್ಷೆ ಜಾಸ್ತಿ ನಡೆದಿರೋದು ಎರಡನೇದರ ಸಾರದ ಮೇಲೆ, ಅದೂ ಸಣ್ಣ ಸಣ್ಣ ಪರೀಕ್ಷೆ, ಸುಮಾರು ಮೂರು ತಿಂಗಳು ತಗೊಂಡ ಮೇಲೆ ಕೆಲವರಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿದೆ ಅಷ್ಟೇ. ಜಾಹೀರಾತಿನ ಟಾನಿಕ್ಕಿಗೆ ದುಡ್ಡು ಸುರಿಯೋ ಮಟ್ಟಕ್ಕಂತೂ ಇಲ್ಲ. ಒಂದೆಲಗದ ತಂಬುಳಿಗೆ ಮಾತ್ರ ಯಾವ ಪರೀಕ್ಷೆಯ ರಿಸಲ್ಟೂ ಬೇಡ, ಎಲೆ, ಜೀರಿಗೆ, ಕಾಳುಮೆಣಸು, ಕಾಯಿತುರಿ ರುಬ್ಬಿ ಮಜ್ಜಿಗೆಗೆ ಹಾಕಿ ಬಿಸಿ ಅನ್ನಕ್ಕೆ ಕಲಸ್ಕೊಂಡ್ರೆ ಆಯ್ತು. ಉಪ್ಪು ಮರೀಬೇಡಿ, ಹೋದ ಭಾನುವಾರ ನಾನು ಮರೆತಿದ್ದೆ.